ಅಧ್ಯಕ್ಷರ ಆರೋಗ್ಯ ಗುಟ್ಟಾಗಿರಬಾರದು: ಅಮೆರಿಕದ ನಾಲ್ವರು ಮಾಜಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಜಾರ್ಜಿಯಾ, 20 ನವೆಂಬರ್ 2025

ಸನ್ಮಾನ್ಯ ಬಿಲ್ ಕ್ಲಿಂಟನ್, ಜಾರ್ಜ್ ಡಬ್ಲ್ಯೂ. ಬುಷ್, ಬರಾಕ್ ಒಬಾಮ ಮತ್ತು ಜೋ ಬೈಡನ್ ಅವರಿಗೆ,

ನಮಸ್ಕಾರಗಳು.

ಬೈಡನ್ ಅವರೇ, ಇವತ್ತು ನಿಮ್ಮ ಹುಟ್ಟಿದ ದಿನ. 83 ತುಂಬಿತು. ಮೊದಲು ಶುಭಾಶಯ. ಕಳೆದ ತಿಂಗಳು ನೀವು ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆಯ ಒಂದು ಸುತ್ತು ಮುಗಿಸಿ ಆಸ್ಪತ್ರೆಯ ಗಂಟೆ ಬಾರಿಸಿದ್ದನ್ನು ವಿಡಿಯೊದಲ್ಲಿ ನೋಡಿದೆ. ಕಣ್ಣು ತುಂಬಿ ಬಂತು. ನೋವಿಲ್ಲದೆ, ಮನೆಯವರ ನಡುವೆ ಬಹಳ ದಿನ ಇರಿ ಅಂತ ಮನಸ್ಸಿನಲ್ಲೇ ಹಾರೈಸಿದೆ. ಮುಂದೆ ನಾನು ಬರೆಯುವ ಕೆಲವು ಮಾತು ನಿಮಗೆ ಚುಚ್ಚಬಹುದು. ಆಗ ಈ ಹಾರೈಕೆಯೂ ನಿಜ ಅಂತ ದಯವಿಟ್ಟು ನೆನಪಿಡಿ.

ನಾನು ಅಟ್ಲಾಂಟ ಹತ್ತಿರ 19 ವರ್ಷದಿಂದ ಇರುವ ಕನ್ನಡತಿ. ಇಲ್ಲಿನ ಪೌರತ್ವ ಸಿಕ್ಕ ಮೇಲೆ ಒಂದು ಚುನಾವಣೆಯನ್ನೂ ತಪ್ಪಿಸಿಕೊಂಡಿಲ್ಲ. ಎರಡೂ ಪಕ್ಷಗಳಿಗೆ ವೋಟು ಹಾಕಿದ್ದೇನೆ. ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ನಿಮ್ಮ ನಾಲ್ವರ ಕಚೇರಿಗೂ ಅಂಚೆಗೆ ಹಾಕಿದ್ದೇನೆ. ಕನ್ನಡದಲ್ಲಿ ಬೇರೆಯಾಗಿ ಬರೆಯುತ್ತಿರುವುದು ನನ್ನ ಜನ ಓದಲಿ ಅಂತ. ಇಲ್ಲಿ ವೋಟು ಇರುವ ಕನ್ನಡಿಗರು ಸಾಕಷ್ಟಿದ್ದಾರೆ. ಜೊತೆಗೆ, ನಮ್ಮ ಮನೆಗಳಲ್ಲೂ ದೊಡ್ಡವರ ಕಾಯಿಲೆ ಅಂದರೆ ಬಾಗಿಲು ಹಾಕಿಕೊಂಡು ಆಡುವ ಮಾತೇ ಅಲ್ವಾ?

ನನ್ನ ದೂರು ಇಷ್ಟು. ಅಮೆರಿಕದ ಅಧ್ಯಕ್ಷರು ಕುರ್ಚಿಯಲ್ಲಿ ಕೂತಿರುವಾಗ ಅವರ ಆರೋಗ್ಯದ ನಿಜ ನಮಗೆ ತಿಳಿಯುವುದಿಲ್ಲ. ಕುರ್ಚಿ ಬಿಟ್ಟ ಮೇಲೆ ತಿಳಿಯುತ್ತದೆ. ಯಾವಾಗ ತಿಳಿಯಲೇಬೇಕೋ ಆಗ ಮುಚ್ಚಿಡುತ್ತಾರೆ. ಇದನ್ನು ಸರಿಮಾಡಲು ನಿಮ್ಮ ನಾಲ್ವರಿಂದ ಆಗುತ್ತದೆ ಅಂತ ನಂಬಿ ಬರೆಯುತ್ತಿದ್ದೇನೆ.

ನಾನು ಈ ವಿಷಯಕ್ಕೆ ಬಂದದ್ದು ರಾಜಕೀಯದ ದಾರಿಯಿಂದ ಅಲ್ಲ, ನಮ್ಮ ಅಪ್ಪನ ಹಾಸಿಗೆಯ ಪಕ್ಕದಿಂದ.

ಅಪ್ಪ ಕೊಪ್ಪಳದ ಕಡೆಯ ಹಳ್ಳಿಯವರು. ಶೇಂಗಾ ಬೆಳೆಯುತ್ತಿದ್ದ ರೈತ. ಅವ್ವ ತೀರಿಕೊಂಡ ಮೇಲೆ ಅವರನ್ನು ಇಲ್ಲಿಗೆ ಕರೆಸಿಕೊಂಡೆವು. 2023ರ ಫೆಬ್ರವರಿ ಹೊತ್ತಿಗೆ ಅವರಿಗೆ 84. ಹೃದಯ ಸೋತಿತ್ತು. ಕಾಲು ಊದಿಕೊಂಡು ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ನೆನಪು ಬಂದು ಹೋಗಿ ಮಾಡುತ್ತಿತ್ತು. ಎರಡು ತಿಂಗಳಲ್ಲಿ ಮೂರನೇ ಸಲ ಆಸ್ಪತ್ರೆ ಸೇರಿದ್ದರು. ಅಲ್ಲಿನ ಡಾಕ್ಟರೊಬ್ಬರು ಕಾರಿಡಾರಿನಲ್ಲಿ ನಿಂತೇ ನನಗೆ ಹೇಳಿದರು: ಹಾಸ್ಪೀಸ್ ಬಗ್ಗೆ ಯೋಚನೆ ಮಾಡಿ. ಅಷ್ಟು ಹೇಳಿ ಮುಂದಿನ ರೂಮಿಗೆ ಹೋದರು. ಅದು ಏನು, ಹೇಗೆ, ಯಾವಾಗ ಅಂತ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ವಾಸಿಮಾಡುವ ಚಿಕಿತ್ಸೆ ನಿಲ್ಲಿಸಿ, ಕೊನೆಯ ದಿನಗಳಲ್ಲಿ ನೋವು ಕಡಿಮೆ ಮಾಡುವ ಆರೈಕೆ ಅದು ಅಂತ ಆಮೇಲೆ ತಿಳಿಯಿತು. ರಾತ್ರಿ ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಒಂದೇ ಮಾತು ಕೇಳಿದ: "ಅಂದ್ರ ಅಪ್ಪನ್ನ ಕೈಬಿಟ್ಟಂಗ ಆತಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಫೆಬ್ರವರಿ 18, ಶನಿವಾರ. ಅವತ್ತು ಶಿವರಾತ್ರಿ. ಉಪವಾಸದಲ್ಲಿ ಆಸ್ಪತ್ರೆಯಲ್ಲಿ ಕೂತಿದ್ದೆ. ಗೋಡೆಯ ಟಿವಿಯಲ್ಲಿ ಸುದ್ದಿ ಬಂತು. ಶೇಂಗಾ ಬೆಳೆಯುತ್ತಿದ್ದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, 98 ವರ್ಷ, ಮೇಲಿಂದ ಮೇಲೆ ಆಸ್ಪತ್ರೆಗೆ ಸೇರಿ ಬಂದ ನಂತರ ಇನ್ನು ಹೆಚ್ಚಿನ ಚಿಕಿತ್ಸೆ ಬೇಡ ಅಂದಿದ್ದಾರೆ, ಉಳಿದ ದಿನಗಳನ್ನು ಇಲ್ಲೇ ಜಾರ್ಜಿಯಾದ ಪ್ಲೇನ್ಸ್ ಊರಿನ ತಮ್ಮ ಮನೆಯಲ್ಲಿ ಹಾಸ್ಪೀಸ್ ಆರೈಕೆಯಲ್ಲಿ ಕಳೆಯುತ್ತಾರೆ ಅಂತ. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಶೇಂಗಾದ ಸಾಹುಕಾರ್ರೇನು?" ಅಂದರು. ಹೌದು ಅಂದೆ. "ಹಂಗಾದ್ರ ನಾವೂ ಮನೀಗೆ ಹೋಗೂಣು ನಡಿಯವ್ವಾ" ಅಂದರು.

ಆ ಒಂದು ಸುದ್ದಿಯಿಂದ ನಮ್ಮ ಮನೆಯ ಜಗಳ ನಿಂತಿತು. ಅಮೆರಿಕದ ಅಧ್ಯಕ್ಷರಾಗಿದ್ದವರೇ ಇದನ್ನು ಆರಿಸಿಕೊಂಡರು ಅಂದರೆ ಇದು ಕೈಬಿಡುವುದಲ್ಲ ಅಂತ ಅಣ್ಣನಿಗೂ ಅನ್ನಿಸಿತು. ಹಾಲ್‌ನ ಕಿಟಕಿ ಪಕ್ಕ ಆಸ್ಪತ್ರೆಯ ಮಂಚ ಬಂತು. ವಾರಕ್ಕೆರಡು ಸಲ ನರ್ಸ್ ಬರುತ್ತಿದ್ದರು. ಸ್ನಾನ ಮಾಡಿಸಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಪಕ್ಕ ಮಾರ್ಫಿನ್‌ನ ಸಣ್ಣ ಬಾಟಲಿ. ಉಸಿರು ಕಟ್ಟಿದಂತಾದಾಗ ಸೂಜಿಯಿಲ್ಲದ ಪುಟ್ಟ ಸಿರಿಂಜಿನಲ್ಲಿ ಅದನ್ನು ನಾಲಿಗೆ ಕೆಳಗೆ ಬಿಡಬೇಕು. ಮೊದಲ ಸಲ ನನ್ನ ಕೈ ನಡುಗಿತು. ನಾಲ್ಕನೇ ಸಲ ನಡುಗಲಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಚಮಚದಲ್ಲಿ ತಿನ್ನಿಸುತ್ತಿದ್ದೆ. ಒಮ್ಮೊಮ್ಮೆ ಅಪ್ಪ ನನ್ನನ್ನು ಅವ್ವ ಅಂದುಕೊಂಡು ಮಳೆ ಬಂತೇನು ಅಂತ ಕೇಳುತ್ತಿದ್ದರು. ಜುಲೈನಲ್ಲಿ ಒಂದು ಬೆಳಗ್ಗೆ, ಮನೆಯಲ್ಲೇ, ನಮ್ಮೆಲ್ಲರ ಮುಂದೆ ಹೋದರು.

ಕಾರ್ಟರ್ ಅವರು ಇನ್ನೂ ಇದ್ದರು. ಆರು ತಿಂಗಳಿಗಿಂತ ಜಾಸ್ತಿ ಬದುಕಲಾರರು ಅಂತ ವೈದ್ಯರು ಹೇಳಿದವರಿಗೆ ಮೆಡಿಕೇರ್ (ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಈ ಆರೈಕೆ ಕೊಡುವುದು. ಅವರು ಸುಮಾರು 22 ತಿಂಗಳು ಇದ್ದರು. ಆ ನಡುವೆ 2023ರ ನವೆಂಬರ್ 19ಕ್ಕೆ ಪತ್ನಿ ರೋಸಲಿನ್ ತೀರಿಕೊಂಡರು. 77 ವರ್ಷದ ದಾಂಪತ್ಯ. ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಕಾರ್ಟರ್ ಗಾಲಿಕುರ್ಚಿಯಲ್ಲಿ ಬಂದರು. ಮುಖ ಸೊರಗಿತ್ತು. ಬಾಯಿ ತೆರೆದೇ ಇತ್ತು. ಮಡಿಲ ಮೇಲಿನ ಹೊದಿಕೆಯಲ್ಲಿ ಪತ್ನಿಯ ಮುಖದ ಚಿತ್ರವಿತ್ತು. ಇಂಥ ಸ್ಥಿತಿಯಲ್ಲಿ ಅವರನ್ನು ಯಾಕೆ ಹೊರಗೆ ಕರೆತಂದರು ಅಂತ ಕೆಲವರು ಬೇಸರಪಟ್ಟರು. ನನಗೆ ಹಾಗೆ ಅನ್ನಿಸಲಿಲ್ಲ. ನಮ್ಮ ಅಪ್ಪನ ಮುಖವೂ ಕೊನೆಗೆ ಹಾಗೇ ಇತ್ತು. ಮುದಿತನ ಹೀಗೇ ಇರುತ್ತದೆ. ಅದನ್ನು ಬಚ್ಚಿಡದೆ ತೋರಿಸಿದ ಆ ಕುಟುಂಬಕ್ಕೆ ನಾನು ಋಣಿ. 2024ರ ಅಕ್ಟೋಬರ್ 1ಕ್ಕೆ ಅವರಿಗೆ 100 ತುಂಬಿತು. ಅದೇ ತಿಂಗಳು ಅಂಚೆಯಲ್ಲಿ ವೋಟು ಹಾಕಿದರು. ಡಿಸೆಂಬರ್ 29ಕ್ಕೆ ಹೋದರು.

ಇವರು ಮೊದಲಿನಿಂದಲೂ ಹೀಗೇ. 2015ರ ಆಗಸ್ಟ್ 20ರಂದು ಅಟ್ಲಾಂಟದಲ್ಲಿ ತಾವು ಕಟ್ಟಿದ ಸೇವಾಸಂಸ್ಥೆ ಕಾರ್ಟರ್ ಸೆಂಟರಿನಲ್ಲಿ ಪತ್ರಕರ್ತರನ್ನು ಕರೆದು, ಜೀನ್ಸ್ ಪ್ಯಾಂಟು ಕೋಟಿನಲ್ಲಿ ಕೂತು, ಚರ್ಮದ ಕ್ಯಾನ್ಸರ್ ಮಿದುಳಿಗೂ ಹರಡಿದೆ, ನಾಲ್ಕು ಸಣ್ಣ ಚುಕ್ಕೆಗಳಿವೆ ಅಂತ ತಾವೇ ಹೇಳಿದರು. ಆಗ ಅವರಿಗೆ 90. ತಂದೆ, ತಮ್ಮ, ಇಬ್ಬರು ತಂಗಿಯರು ಎಲ್ಲರೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಹೋದವರು. ಅದನ್ನೂ ಹೇಳಿದರು. ವಿಕಿರಣದ ಜೊತೆ ಇಮ್ಯುನೊಥೆರಪಿಯ ಹೊಸ ಔಷಧಿ ತೆಗೆದುಕೊಂಡರು. ಡಿಸೆಂಬರ್ ಹೊತ್ತಿಗೆ ಮಿದುಳಿನ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಆ ಔಷಧಿಯ ಹೆಸರು ಜನರ ಬಾಯಿಗೆ ಬಂದದ್ದೇ ಅವರಿಂದ.

ಅವತ್ತಿನ ಇನ್ನೊಂದು ಮಾತು ನಮ್ಮ ಮನೆಗೆ ನೇರ ತಾಗಿತು. ನಾನು ಸಾಯುವ ಮೊದಲು ಕೊನೆಯ ಗಿನಿ ಹುಳು ಸಾಯಬೇಕು ಅಂದಿದ್ದರು. ಗಿನಿ ಹುಳು ಅಂದರೆ ನಮ್ಮ ಕಡೆ ನಾರುಹುಣ್ಣು. ಅಪ್ಪನ ಎಡಗಾಲಿನ ಹರಡಿನ ಮೇಲೆ ಅದರ ಕಲೆ ಇತ್ತು. ಚಿಕ್ಕವರಿದ್ದಾಗ ಮೆಟ್ಟಿಲು ಬಾವಿಯ ನೀರು ಕುಡಿದು ಬಂದದ್ದು. ಹುಣ್ಣಿನಿಂದ ಹೊರಬಂದ ಬಿಳಿ ಎಳೆಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯುತ್ತಿದ್ದರಂತೆ. ತುಂಡಾದರೆ ಕಾಲೇ ಕೀವು. ಭಾರತದಲ್ಲಿ ಈ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಂಡಿಯಾ ಇದರಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟದ್ದು 2000ದಲ್ಲಿ. ಕಾರ್ಟರ್ ಸೆಂಟರ್ ಈ ಕೆಲಸಕ್ಕೆ ಇಳಿದ 1986ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಇದು ಬರುತ್ತಿತ್ತು. ಅವರು ಹೋಗುವ ಹೊತ್ತಿಗೆ ವರ್ಷಕ್ಕೆ 20 ಜನರೂ ಇರಲಿಲ್ಲ. 56ನೇ ವಯಸ್ಸಿಗೆ ಅಧಿಕಾರ ಬಿಟ್ಟವರು 43 ವರ್ಷ ಬದುಕಿದ್ದರಿಂದ ಇದು ಆಯಿತು. ದೀರ್ಘಾಯುಷ್ಯ ಅಂದರೆ ನನಗೆ ನೆನಪಾಗುವುದು ಈ ಲೆಕ್ಕ.

ಅಮೆರಿಕದ ಅಧ್ಯಕ್ಷರು ಬಹಳ ಬದುಕುತ್ತಾರೆ, ಅದು ನಿಮಗೆ ಗೊತ್ತಿರುವ ಮಾತೇ. ಜಾನ್ ಆಡಮ್ಸ್ ಆ ಕಾಲಕ್ಕೇ, 1826ರಲ್ಲಿ, 90 ದಾಟಿ ಹೋದವರು. ಹರ್ಬರ್ಟ್ ಹೂವರ್ ಕೂಡ 90. ಆಮೇಲೆ ರೇಗನ್ 93, ಫೋರ್ಡ್ 93, ದೊಡ್ಡ ಬುಷ್ 94, ಕಾರ್ಟರ್ 100. ಕುರ್ಚಿ ತಲೆ ಹಣ್ಣು ಮಾಡುತ್ತದೆ, ಆಯಸ್ಸು ತಿನ್ನುತ್ತದೆ ಅಂತ ಜನ ಹೇಳುತ್ತಾರೆ. ಆದರೆ ವಯಸ್ಸಿನ ಬಗ್ಗೆ ಸಂಶೋಧನೆ ಮಾಡುವ ಜೇ ಒಲ್ಶಾನ್‌ಸ್ಕಿ 2011ರಲ್ಲಿ ಲೆಕ್ಕ ಹಾಕಿ ನೋಡಿದರು. ಸಹಜವಾಗಿ ಸತ್ತ 34 ಅಧ್ಯಕ್ಷರಲ್ಲಿ 23 ಮಂದಿ ಅವರ ಕಾಲದ ಅದೇ ವಯಸ್ಸಿನ ಗಂಡಸರಿಗಿಂತ ಹೆಚ್ಚು ಬದುಕಿದ್ದರು. ಓದು, ದುಡ್ಡು, ಒಳ್ಳೆಯ ವೈದ್ಯರು ಇದ್ದರೆ ಆಯಸ್ಸು ಬೆಳೆಯುತ್ತದೆ. ಎಲ್ಲರಿಗೂ ಹಾಗಾಗಲಿಲ್ಲ. ಲಿಂಡನ್ ಜಾನ್ಸನ್ ಅಧಿಕಾರ ಬಿಟ್ಟ ನಾಲ್ಕೇ ವರ್ಷಕ್ಕೆ, 64ಕ್ಕೇ, ಹೃದಯಾಘಾತದಿಂದ ಹೋದರು. ಆದರೆ ಆಯಸ್ಸು ಬೆಳೆದವರಿಗೆಲ್ಲ ಅದರ ಕೊನೆಯ ಭಾಗವೂ ಉದ್ದವಾಯಿತು. ದೊಡ್ಡ ಬುಷ್ 90ನೇ ಹುಟ್ಟುಹಬ್ಬಕ್ಕೆ ಹೆಲಿಕಾಪ್ಟರ್‌ನಿಂದ ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದರು. ಆಗಲೇ ಅವರ ಕಾಲು ಸೋತಿತ್ತು, ಗಾಲಿಕುರ್ಚಿ ಹಿಡಿದಿದ್ದರು. ಚಿಕ್ಕ ಬುಷ್ ಅವರೇ, ಅದೆಲ್ಲ ನೀವು ಮಗನಾಗಿ ಹತ್ತಿರದಿಂದ ಕಂಡದ್ದು. ನಿಮಗೂ 2013ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕ್ಲಿಂಟನ್ ಅವರೇ, ನಿಮಗೆ 2004ರಲ್ಲಿ ಬೈಪಾಸ್ ಆಯಿತು, 2010ರಲ್ಲಿ ಸ್ಟೆಂಟ್, 2021ರಲ್ಲಿ ರಕ್ತಕ್ಕೆ ಹರಡಿದ ಸೋಂಕು. ನೀವಿಬ್ಬರೂ 1946ರಲ್ಲಿ ಹುಟ್ಟಿದವರು. 80ರ ಹೊಸ್ತಿಲಲ್ಲಿದ್ದೀರಿ.

ರೇಗನ್ ಅವರ ವಿಷಯ ಬೇರೆಯಾಗಿಯೇ ಹೇಳಬೇಕು. 1994ರ ನವೆಂಬರ್ 5ರಂದು ಅವರು ತಮ್ಮ ಕೈಯಾರೆ ದೇಶದ ಜನರಿಗೆ ಒಂದು ಪತ್ರ ಬರೆದರು. ಬೈಡನ್ ಅವರೇ, ಇವತ್ತು ನಿಮಗಿರುವ ವಯಸ್ಸೇ ಅವತ್ತು ಅವರಿಗೆ, 83. ನನಗೆ ಆಲ್ಝೈಮರ್ ಬಂದಿದೆ, ಇದನ್ನು ಮುಚ್ಚಿಡುವುದೋ ಹೇಳುವುದೋ ಅಂತ ನಾನೂ ನ್ಯಾನ್ಸಿಯೂ ಯೋಚಿಸಿದೆವು, ಹೇಳಿದರೆ ಜನರಿಗೆ ಈ ರೋಗದ ಅರಿವು ಬರಬಹುದು ಅಂತ ಹೇಳುತ್ತಿದ್ದೇನೆ ಅಂತ ಅದರಲ್ಲಿತ್ತು. ತಮಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದಾಗಲೂ ನ್ಯಾನ್ಸಿಗೆ ಸ್ತನ ಕ್ಯಾನ್ಸರ್ ಬಂದಾಗಲೂ ಜನರಿಗೆ ತಿಳಿಸಿದ್ದರಿಂದ ಎಷ್ಟೋ ಜನ ಹೋಗಿ ಪರೀಕ್ಷೆ ಮಾಡಿಸಿಕೊಂಡರು ಅಂತಲೂ ನೆನೆಸಿಕೊಂಡಿದ್ದರು. ಆಮೇಲೆ ಸುಮಾರು ಹತ್ತು ವರ್ಷ ಬದುಕಿದರು, ಮರೆಯುತ್ತಾ ಮರೆಯುತ್ತಾ. ಅಪ್ಪ ಮೊದಲ ಸಲ ನನ್ನ ಹೆಸರು ಮರೆತ ದಿನ ನಾನು ಆ ಪತ್ರವನ್ನು ಹುಡುಕಿ ಓದಿದೆ. ಹೆಂಡತಿಗೆ ಆಗುವ ಕಷ್ಟದಿಂದ ಅವಳನ್ನು ಪಾರು ಮಾಡಲು ಆಗಿದ್ದರೆ ಅಂತ ಅವರು ಬರೆದ ಸಾಲಿನ ಹತ್ತಿರ ಬಂದು ನಿಲ್ಲಿಸಿಬಿಟ್ಟೆ. ಮುಂದೆ ಓದಲು ಆಗಲಿಲ್ಲ.

ಕುರ್ಚಿ ಬಿಟ್ಟ ಮೇಲೆ ಇಷ್ಟು ದೊಡ್ಡ ಮನಸ್ಸಿನಿಂದ ಹೇಳುವವರಿದ್ದಾರೆ. ಕುರ್ಚಿಯಲ್ಲಿರುವಾಗ ಯಾಕೆ ಆಗುವುದಿಲ್ಲ?

1893ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಬಾಯಿಯ ಗಡ್ಡೆಯನ್ನು ಒಂದು ವಿಹಾರ ನೌಕೆಯಲ್ಲಿ ಗುಟ್ಟಾಗಿ ತೆಗೆದರು. ಹೊರಗೆ ಹಲ್ಲುನೋವು ಅಂದರು. ನಿಜ ಬರೆದ ಪತ್ರಕರ್ತನನ್ನೇ ಸುಳ್ಳುಗಾರ ಮಾಡಿದರು. ಶಸ್ತ್ರಚಿಕಿತ್ಸೆಯಲ್ಲಿದ್ದ ವೈದ್ಯರೊಬ್ಬರು ಬಾಯಿಬಿಟ್ಟದ್ದು 1917ರಲ್ಲಿ, ಕ್ಲೀವ್‌ಲ್ಯಾಂಡ್ ಸತ್ತು ಒಂಬತ್ತು ವರ್ಷವಾದ ಮೇಲೆ. 1919ರ ಅಕ್ಟೋಬರ್‌ನಲ್ಲಿ ವುಡ್ರೋ ವಿಲ್ಸನ್‌ಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಯಿತು. ಅಧಿಕಾರ ಮುಗಿಯಲು ಇನ್ನೂ ಹದಿನೇಳು ತಿಂಗಳಿತ್ತು. ಯಾರು ಒಳಗೆ ಹೋಗಬೇಕು, ಯಾವ ಕಾಗದ ಅವರ ಮುಂದೆ ಬರಬೇಕು ಅನ್ನುವುದನ್ನು ಪತ್ನಿಯೇ ನಿರ್ಧರಿಸುತ್ತಿದ್ದರು. 1944ರ ಮಾರ್ಚ್‌ನಲ್ಲಿ ಹೃದಯತಜ್ಞ ಹೊವರ್ಡ್ ಬ್ರೂಯೆನ್ ಅವರು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿ ಹೃದಯ ಸೋಲುತ್ತಿದೆ, ರಕ್ತದೊತ್ತಡ ಮಿತಿಮೀರಿದೆ ಅಂತ ಕಂಡುಕೊಂಡರು. ಜನರಿಗೆ ಮಾತ್ರ ಅಧ್ಯಕ್ಷರು ಚೆನ್ನಾಗಿದ್ದಾರೆ ಅಂದರು. ನವೆಂಬರ್‌ನಲ್ಲಿ ಜನ ಅವರನ್ನು ನಾಲ್ಕನೇ ಸಲ ಗೆಲ್ಲಿಸಿದರು. ಏಪ್ರಿಲ್ 12ಕ್ಕೆ, ನಮ್ಮ ಜಾರ್ಜಿಯಾದಲ್ಲೇ, ತೀರಿಕೊಂಡರು. ಯುದ್ಧ ಇನ್ನೂ ಮುಗಿದಿರಲಿಲ್ಲ. ಕೆನಡಿಯವರಿಗೆ ಅಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿ ಸೋಲುವ ರೋಗ) ಇದ್ದದ್ದನ್ನು 1960ರ ಚುನಾವಣೆಯಲ್ಲಿ ಇಲ್ಲ ಅಂತಲೇ ಸಾಧಿಸಿದರು.

ಹೇಳಿದರೆ ಸೋಲುತ್ತೇವೆ, ದೇಶ ಗಾಬರಿಯಾಗುತ್ತದೆ ಅನ್ನುವುದು ಇವರೆಲ್ಲರ ಭಯ. ಐಸೆನ್‌ಹೋವರ್ ಅವರ ಕಥೆ ನೋಡಿ. 1955ರ ಸೆಪ್ಟೆಂಬರ್ 24ಕ್ಕೆ ಡೆನ್ವರ್‌ನಲ್ಲಿ ಹೃದಯಾಘಾತ. ಮೊದಲ ಕೆಲವು ಗಂಟೆ ಅಜೀರ್ಣ ಅಂದರು. ಆಮೇಲೆ ನಿಜ ಹೇಳಿದರು. ಬಾಸ್ಟನ್ನಿನಿಂದ ಬಂದ ಪಾಲ್ ಡಡ್ಲಿ ವೈಟ್ ಅನ್ನುವ ವೈದ್ಯರು ಪತ್ರಕರ್ತರ ಮುಂದೆ ಕೂತು ಹೃದಯಾಘಾತ ಅಂದರೆ ಏನು, ಹೇಗೆ ಚೇತರಿಸಿಕೊಳ್ಳುತ್ತಾರೆ ಅಂತ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅಧ್ಯಕ್ಷರಿಗೆ ಮಲವಿಸರ್ಜನೆ ಆಯಿತು ಅನ್ನುವುದನ್ನೂ ಬಿಡಲಿಲ್ಲ! ಷೇರುಪೇಟೆ ಒಂದು ದಿನ ಕುಸಿಯಿತು, ನಿಜ. ಮುಂದಿನ ವರ್ಷ ಜನ ಅವರನ್ನು ಭಾರಿ ಬಹುಮತದಿಂದ ಮತ್ತೆ ಗೆಲ್ಲಿಸಿದರು. ಜನ ತಿಳಿದೇ ಆರಿಸಿದರು. ಅದು ಅವರ ಹಕ್ಕು. ರೂಸ್‌ವೆಲ್ಟ್ ಅವರ ಸರದಿಯಲ್ಲಿ ಜನರಿಗೆ ಇಲ್ಲವಾದದ್ದು ಆ ಹಕ್ಕೇ. ಅವರನ್ನೂ ಗೆಲ್ಲಿಸುತ್ತಿದ್ದರೋ ಏನೋ, ಕೇಳಬೇಕಿತ್ತು ಅಲ್ವಾ?

ಬೆಟ್ಟಿ ಫೋರ್ಡ್ ಇನ್ನೊಬ್ಬರು. ಗಂಡ ಅಧ್ಯಕ್ಷರಾಗಿ ಎರಡು ತಿಂಗಳೂ ಆಗಿರಲಿಲ್ಲ. 1974ರ ಸೆಪ್ಟೆಂಬರ್‌ನಲ್ಲಿ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಯಿತು. ಆ ಪದವನ್ನು ಹೆಂಗಸರು ಬಾಯಿಬಿಟ್ಟು ಹೇಳದ ಕಾಲ. ಅವರು ಹೇಳಿದರು. ಹೆಂಗಸರು ಸಾಲುಗಟ್ಟಿ ಪರೀಕ್ಷೆಗೆ ಹೋದರು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಾಗಿದ್ದ ರಾಕ್‌ಫೆಲ್ಲರ್ ಅವರ ಪತ್ನಿಗೂ ಕೆಲವೇ ವಾರಗಳಲ್ಲಿ ಅದೇ ಕಾಯಿಲೆ ಪತ್ತೆಯಾಯಿತು. ಶ್ವೇತಭವನದ ಒಳಗಿನಿಂದ ಬಂದ ಒಂದು ನಿಜ ಎಷ್ಟು ಮನೆ ಉಳಿಸಿತೋ!

ಬೈಡನ್ ಅವರೇ, ಈಗ ನಿಮ್ಮ ಮಾತು. ಟ್ರಂಪ್ ಜೊತೆ 2024ರ ಜೂನ್ 27ರ ಚುನಾವಣಾ ಚರ್ಚೆ ನಮ್ಮ ಅಟ್ಲಾಂಟದಲ್ಲೇ ನಡೆಯಿತು. ಅಪ್ಪ ಹೋಗಿ ಒಂದು ವರ್ಷ ಆಗುತ್ತಾ ಬಂದಿತ್ತು. ಅದೇ ಹಾಲ್‌ನಲ್ಲಿ, ಮಂಚ ಇದ್ದ ಜಾಗದಲ್ಲಿ ಈಗ ಸೋಫಾ, ಅದರ ಮೇಲೆ ಕೂತು ನೋಡಿದೆ. ನೀವು ಮಾತಿನ ನಡುವೆ ನಿಂತಿರಿ. ಎಳೆ ಸಿಗದೆ ತಡವರಿಸಿದಿರಿ. ನಾನು ಎದ್ದು ಟಿವಿಯ ಹತ್ತಿರ ಹೋದೆ, ಹೇಳಿಕೊಡುವವಳ ಹಾಗೆ. ಅಪ್ಪನಿಗೆ ಪದ ಸಿಗದಾಗ ನಾನು ಹಾಗೇ ಮಾಡುತ್ತಿದ್ದೆ. ನಾನು ವೈದ್ಯೆಯಲ್ಲ. ನಿಮಗೆ ಏನಾಗಿತ್ತು ಅಂತ ಹೆಸರಿಡುವ ಅಧಿಕಾರ ನನಗಿಲ್ಲ, ಇಡುವುದೂ ಇಲ್ಲ. ಆದರೆ ಅದೇ ಫೆಬ್ರವರಿಯಲ್ಲಿ ನಿಮ್ಮ ವೈದ್ಯರು ನೀವು ಕೆಲಸಕ್ಕೆ ಪೂರ್ತಿ ಯೋಗ್ಯ ಅಂತ ವರದಿ ಕೊಟ್ಟಿದ್ದರು. ನೆನಪು, ಬುದ್ಧಿಶಕ್ತಿಯ ಪರೀಕ್ಷೆ ಅದರಲ್ಲಿ ಇರಲಿಲ್ಲ. ಜುಲೈ 21ಕ್ಕೆ ನೀವು ಸ್ಪರ್ಧೆಯಿಂದ ಹಿಂದೆ ಸರಿದಿರಿ. ಚುನಾವಣೆಗೆ ನೂರ ಹತ್ತು ದಿನವೂ ಉಳಿದಿರಲಿಲ್ಲ.

ಆಮೇಲೆ 2025ರ ಮೇ 18. ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ ಅಂಕ 9 (ಕ್ಯಾನ್ಸರ್ ಎಷ್ಟು ಉಗ್ರ ಅನ್ನುವ ಅಳತೆ, ಅತಿ ಹೆಚ್ಚು 10), ಮೂಳೆಗೆ ಹರಡಿದೆ ಅಂತ ನಿಮ್ಮ ಕಚೇರಿ ತಿಳಿಸಿತು. ನೀವು ಶ್ವೇತಭವನ ಬಿಟ್ಟು ನಾಲ್ಕು ತಿಂಗಳಾಗಿತ್ತು. ಈ ಕ್ಯಾನ್ಸರ್‌ನ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ನಿಮಗೆ ಕೊನೆಯ ಸಲ ಆದದ್ದು 2014ರಲ್ಲಿ ಅಂತ ನಿಮ್ಮ ವಕ್ತಾರರು ಹೇಳಿದರು. 70 ದಾಟಿದ ಗಂಡಸರಿಗೆ ಆ ಪರೀಕ್ಷೆಯನ್ನು ರೂಢಿಯಾಗಿ ಮಾಡಬೇಕಾಗಿಲ್ಲ ಅಂತ ಇಲ್ಲಿನ ಮಾರ್ಗಸೂಚಿ ಇದೆ. ಹಾಗಾಗಿ ನೀವು ಹೇಳಿದ್ದು ಪೂರ್ತಿ ನಿಜವೇ ಇರಬಹುದು. ನಾನು ನಂಬುತ್ತೇನೆ. ಆದರೆ ಬಹಳ ಜನ ನಂಬಲಿಲ್ಲ. ಕ್ಯಾನ್ಸರ್ ಬಂದ ಹಿರಿಯರ ಬಗ್ಗೆ ಆಡಬಾರದ ಮಾತು ಆಡಿದರು. ನನ್ನ ಪರಿಚಯದವರೇ ಆಡಿದರು. ಚರ್ಚೆಯ ರಾತ್ರಿ ಮುರಿದ ನಂಬಿಕೆಯ ಬೆಲೆ ಅದು. ನಿಮ್ಮ ಅತಿ ಕಷ್ಟದ ಹೊತ್ತಿನಲ್ಲಿ ನಿಮಗೆ ಸಿಗಬೇಕಾಗಿದ್ದ ಕನಿಕರ ಸಿಗಲಿಲ್ಲ.

ಇದು ಒಂದು ಪಕ್ಷದ ಮಾತಲ್ಲ. ಈಗಿನ ಅಧ್ಯಕ್ಷ ಟ್ರಂಪ್ ಅವರು 78ನೇ ವಯಸ್ಸಿನಲ್ಲಿ ಪ್ರಮಾಣವಚನ ಸ್ವೀಕರಿಸಿದ್ದಾರೆ. ಪ್ರಮಾಣವಚನದ ದಿನದ ಲೆಕ್ಕದಲ್ಲಿ ಅಷ್ಟು ವಯಸ್ಸಾದವರು ಹಿಂದೆ ಯಾರೂ ಇರಲಿಲ್ಲ. 2029ರಲ್ಲಿ ಅವಧಿ ಮುಗಿಯುವಾಗ ಅವರಿಗೆ 82. ಈ ಜುಲೈನಲ್ಲಿ ಅವರ ಕಾಲಿನ ರಕ್ತನಾಳಗಳ ತೊಂದರೆಯ ಬಗ್ಗೆ ಶ್ವೇತಭವನ ಹೇಳಿತು. ಊದಿದ ಕಾಲಿನ, ಕಪ್ಪಿಟ್ಟ ಕೈಯ ಫೋಟೊಗಳು ಎಲ್ಲ ಕಡೆ ಹರಿದಾಡಿದ ಮೇಲೆ. ಫೋಟೊ ನೋಡಿ ಅಧ್ಯಕ್ಷರ ಆರೋಗ್ಯ ಊಹಿಸುವ ಗತಿ ನಮಗೆ ಯಾಕೆ ಬರಬೇಕು? ಇಷ್ಟು ದೊಡ್ಡ ದೇಶದಲ್ಲಿ ಅಧ್ಯಕ್ಷರೋ ಅಭ್ಯರ್ಥಿಯೋ ತಮ್ಮ ವೈದ್ಯಕೀಯ ದಾಖಲೆ ತೋರಿಸಲೇಬೇಕು ಅನ್ನುವ ಕಾನೂನು ಒಂದೂ ಇಲ್ಲ. ವೈದ್ಯರ ಪತ್ರದಲ್ಲಿ ಇರುವುದು ಅಧ್ಯಕ್ಷರು ಒಪ್ಪಿದಷ್ಟೇ. ಸಂವಿಧಾನಕ್ಕೆ 1967ರ 25ನೇ ತಿದ್ದುಪಡಿ ಇದೆ. ಆದರೆ ಅದು ಅಧ್ಯಕ್ಷರಿಂದ ಕೆಲಸ ಆಗದೇ ಹೋದಾಗ ಏನು ಮಾಡಬೇಕು ಅಂತ ಹೇಳುತ್ತದೆ, ಅವರನ್ನು ಯಾರು ಪರೀಕ್ಷಿಸಬೇಕು ಅಂತ ಹೇಳುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಮತ್ತು ದೊಡ್ಡ ಕೋರಿಕೆ ಇದು. ನೀವು ನಾಲ್ವರೂ ಸೇರಿ, ಒಂದೇ ದಿನ, ಒಂದೇ ಕಾಗದಕ್ಕೆ ಸಹಿ ಹಾಕಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸನ್ನು ಕೇಳಿ. ಪಕ್ಷದ ಟಿಕೆಟ್ ಪಡೆದ ಪ್ರತಿ ಅಧ್ಯಕ್ಷೀಯ ಅಭ್ಯರ್ಥಿಯನ್ನು, ಆಮೇಲೆ ಅಧ್ಯಕ್ಷರನ್ನು ವರ್ಷಕ್ಕೊಮ್ಮೆ, ಅವರೇ ನೇಮಿಸಿಕೊಳ್ಳದ ವೈದ್ಯರ ತಂಡವೊಂದು ಪರೀಕ್ಷಿಸಲಿ. ನೆನಪಿನ ಪರೀಕ್ಷೆಯೂ ಅದರಲ್ಲಿ ಇರಲಿ. ಕೆಲಸದ ಮೇಲೆ ಪರಿಣಾಮ ಬೀರುವಂಥದ್ದು ಏನಿದ್ದರೂ ಆ ತಂಡವೇ ಜನರಿಗೆ ಹೇಳಲಿ. ಉಳಿದ ಖಾಸಗಿ ವಿಷಯ ನಮಗೆ ಬೇಡ. ವಯಸ್ಸಿಗೆ ಮಿತಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಸಂವಿಧಾನದಲ್ಲಿ 35 ಆಗಿರಬೇಕು ಅಂತಿದೆ, ಇಷ್ಟಕ್ಕೆ ನಿಲ್ಲಿಸಬೇಕು ಅಂತಿಲ್ಲ. ಹಾಗೇ ಇರಲಿ. 90ರಲ್ಲಿ ಕ್ಯಾನ್ಸರ್ ಬಗ್ಗೆ ಒಂದು ಪದ ತಪ್ಪದೆ ಮಾತಾಡಿದವರನ್ನು ನೋಡಿದ್ದೇನೆ. 60ಕ್ಕೇ ಕೈಚೆಲ್ಲಿದವರನ್ನೂ ನೋಡಿದ್ದೇನೆ. ವಯಸ್ಸಿನ ಅಂಕಿಗಿಂತ ನಿಜ ಸ್ಥಿತಿ ಮುಖ್ಯ.

ಇದನ್ನು ಸಂಸತ್ ಸದಸ್ಯರು ಕೇಳಿದರೆ ಎದುರಾಳಿಯ ಮೇಲೆ ಬಿಟ್ಟ ಬಾಣ ಅನ್ನುತ್ತಾರೆ. ನೀವು ಕೇಳಿದರೆ ಹಾಗೆ ಅನ್ನಲಾರರು. ನಿಮ್ಮಲ್ಲಿ ಎರಡೂ ಪಕ್ಷದವರಿದ್ದೀರಿ. ನಿಮಗೆ ಇನ್ನು ಗೆಲ್ಲಬೇಕಾದ ಚುನಾವಣೆ ಇಲ್ಲ. ಆ ಕುರ್ಚಿಯ ಭಾರ ಮೈಗೆ ಏನು ಮಾಡುತ್ತದೆ ಅಂತ ಬಲ್ಲವರು ನೀವೇ. ಒಬಾಮ ಅವರೇ, ನಾಲ್ವರಲ್ಲಿ ಚಿಕ್ಕವರು ನೀವು, 64. ಕಾಗದ ಹಿಡಿದು ಮೂವರು ಹಿರಿಯರ ಮನೆಗೆ ಹೋಗಬೇಕಾದವರು ನೀವೇ ಅಂತ ನನಗೆ ಅನ್ನಿಸುತ್ತದೆ. ಬೈಡನ್ ಅವರೇ, ನಿಮ್ಮ ಸಹಿಗೆ ಎಲ್ಲರಿಗಿಂತ ತೂಕ ಜಾಸ್ತಿ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

ಎರಡನೆಯದು ನಿಮ್ಮ ಸ್ವಂತದ್ದು. ಮುಂದೆ ನಿಮಗೆ ಏನೇ ಬಂದರೂ, ಅದರಲ್ಲೂ ಮರೆವಿನ ಕಾಯಿಲೆ ಬಂದರೆ, ರೇಗನ್ ಹಾಗೆ ನಿಮ್ಮ ಕೈ ಬರೆಯುವಾಗಲೇ ಬರೆದು ಹೇಳಿ. ಅಧಿಕಾರ ಬಿಟ್ಟವರು ಹೇಳಲೇಬೇಕು ಅಂತ ಯಾವ ಕಟ್ಟಳೆಯೂ ಇಲ್ಲ, ಇರುವುದೂ ಬೇಡ. ಇದು ಕೋರಿಕೆ ಮಾತ್ರ. ಯಾವುದೋ ಆಸ್ಪತ್ರೆಯ ಕಾರಿಡಾರಿನಲ್ಲಿ ದಿಕ್ಕು ತೋಚದೆ ನಿಂತ ಮಗಳೊಬ್ಬಳು ಅದನ್ನು ಟಿವಿಯಲ್ಲಿ ನೋಡುತ್ತಾಳೆ. ಅವಳ ಮನೆಯಲ್ಲಿ ಅವತ್ತು ಒಂದು ಮಾತು ಶುರುವಾಗುತ್ತದೆ.

ಇನ್ನೊಂದು ಇದೆ. ರೋಸಲಿನ್ ಕಾರ್ಟರ್ ಹೇಳುತ್ತಿದ್ದರು: ಜಗತ್ತಿನಲ್ಲಿ ನಾಲ್ಕೇ ಥರದ ಜನ. ಹಿಂದೆ ಆರೈಕೆ ಮಾಡಿದವರು, ಈಗ ಮಾಡುತ್ತಿರುವವರು, ಮುಂದೆ ಮಾಡಬೇಕಾದವರು, ಆರೈಕೆ ಬೇಕಾಗುವವರು. 1987ರಲ್ಲೇ ಅವರು ಆರೈಕೆ ಮಾಡುವವರಿಗಾಗಿ ಇಲ್ಲೇ ಅಮೆರಿಕಸ್ ಊರಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಕೊನೆಗೆ ಅವರಿಗೇ ಮರೆವಿನ ಕಾಯಿಲೆ ಬಂತು. ಕುಟುಂಬ ಅದನ್ನೂ ತಿಳಿಸಿತು. ನಿಮ್ಮ ಮನೆಯಲ್ಲಿ ನೋಡಿಕೊಳ್ಳಲು ಜನರಿರುತ್ತಾರೆ. ನಿಮ್ಮ ಪಿಂಚಣಿ, ಕಚೇರಿ, ಜೀವನಪೂರ್ತಿ ರಕ್ಷಣೆ ನಮ್ಮ ತೆರಿಗೆಯಿಂದ. ಅದನ್ನು ನಾನು ಹಂಗಿಸುತ್ತಿಲ್ಲ, ಅದು ನಿಮಗೆ ಸಲ್ಲಬೇಕಾದದ್ದೇ. ಆದರೆ ಸಾಮಾನ್ಯ ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರ ದಿನನಿತ್ಯದ ಆರೈಕೆಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಹಾಸ್ಪೀಸ್ ಸಿಗುವುದು ಕೊನೆಯ ಹೊತ್ತಿಗೆ. ಅದಕ್ಕೆ ಮೊದಲಿನ ಎರಡು ವರ್ಷ ನಾನು ಕೆಲಸ ಅರ್ಧ ಮಾಡಿಕೊಂಡು, ಉಳಿತಾಯ ಕರಗಿಸಿ ಅಪ್ಪನನ್ನು ನೋಡಿಕೊಂಡೆ. ಅಪ್ಪನಿಗೆ ಸ್ನಾನ ಮಾಡಿಸಲು ಬರುತ್ತಿದ್ದ ಆ ಹೆಣ್ಣುಮಗಳು ದಿನಕ್ಕೆ ಆರು ಮನೆ ಸುತ್ತುತ್ತಿದ್ದಳು. ಊಟವನ್ನು ಕಾರಿನಲ್ಲೇ ಮಾಡುತ್ತಿದ್ದಳು. ನೀವು ಮಾತಾಡುವಾಗ ಇವರ ಪರವಾಗಿಯೂ ಒಂದು ಮಾತಾಡಿ.

2017ರಲ್ಲಿ ಅಪ್ಪನನ್ನು ಪ್ಲೇನ್ಸ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ 13 ಅಡಿ ಎತ್ತರದ ನಗುವ ಶೇಂಗಾ ಪ್ರತಿಮೆ ಇದೆ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಚರ್ಚಿನಲ್ಲಿ ಕಾರ್ಟರ್ ಭಾನುವಾರದ ಪಾಠ ಮಾಡುತ್ತಾರೆ ಅಂತ ಗೊತ್ತಾಗಿ ಕತ್ತಲಿರುವಾಗಲೇ ಸಾಲಿನಲ್ಲಿ ನಿಂತೆವು. ಹಿಂದಿನ ಬೆಂಚು ಸಿಕ್ಕಿತು. ಇಂಗ್ಲಿಷ್ ಅರ್ಥವಾಗದಿದ್ದರೂ ಅಪ್ಪ ಕೊನೆಯವರೆಗೆ ನೆಟ್ಟಗೆ ಕೂತು ಕೇಳಿದರು. ತಮ್ಮ ಕಾಲಿನ ಕಲೆ ತೋರಿಸಿ, ನಮ್ಮೂರಲ್ಲೂ ನಾರುಹುಣ್ಣು ಇತ್ತು, ಈಗಿಲ್ಲ ಅಂತ ಹೇಳಬೇಕು ಅಂತ ಅವರ ಆಸೆ. ಅಷ್ಟು ಜನರ ನಡುವೆ ಅದು ಆಗಲಿಲ್ಲ. ನಾನಾದರೂ ಆಮೇಲೆ ಕಾಗದ ಬರೆಯಬಹುದಿತ್ತು. ಇವತ್ತು ನಾಳೆ ಅಂತ ಬರೆಯಲಿಲ್ಲ. ಈಗ ಇಬ್ಬರೂ ಇಲ್ಲ.

ಅದಕ್ಕೇ ನಿಮಗೆ ಬರೆಯುವುದನ್ನು ಮುಂದೂಡಲಿಲ್ಲ. ನೀವು ಉತ್ತರ ಬರೆಯುವುದಾದರೆ ನನ್ನ ವಿಳಾಸ ಅಂಚೆಯಲ್ಲಿ ಬಂದ ಲಕೋಟೆಯ ಮೇಲಿದೆ. ಕಾಯುತ್ತಿರುತ್ತೇನೆ.

ಗೌರವದೊಂದಿಗೆ,

ಜಾರ್ಜಿಯಾದ ಒಬ್ಬ ಕನ್ನಡತಿ, ಅಮೆರಿಕದ ಮತದಾರಳು